ನಿಂತಲ್ಲೇ ಅಪಾಯಕಾರಿಯಾದ ಮೊಯ್ದಿನ್ ಕುಂಞಿ

ಕೊಲ್ಲಿ ದೇಶದ ಮುಐದರ್ ಪೇಟೆಯ ಹೂವಿನ ವ್ಯಾಪಾರಿ ಮೊಯ್ದಿನ್ ಕುಂಞಿಯವರು ವಿಮಾ ಕಂಪನಿಯ ದಾಖಲೆಗಳ ಪ್ರಕಾರ ಅತ್ಯಂತ ಅಪಾಯಕಾರಿ ಚಾಲಕರು. ಅವರ ಮೂರೂ ಅಪಘಾತಗಳಲ್ಲಿ ವ್ಯಾನು ನಿಂತಿತ್ತು.

ಕರಕ್ ಎಂಬ ಗಟ್ಟಿ ಚಹಾದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಹಾರ್ನ್ ಹೊಡೆದು, ಕುಳಿತಲ್ಲಿಗೇ ಚಹಾ ತರಿಸಿಕೊಳ್ಳುವುದು ಆ ಊರಿನ ಪದ್ಧತಿ. ಹಾಗೆ ಕಾಯುತ್ತಿದ್ದಾಗ ಒಂದೇ ವರ್ಷದಲ್ಲಿ ಮೂವರು ಹಿಂದಿನಿಂದ ಬಂದು ಗುದ್ದಿದ್ದರು.

"ತಪ್ಪು ಅವರದ್ದಲ್ವಾ ಮಾರಾಯ್ರೇ?" ಎಂದು ಕುಂಞಿ ವಿಮಾ ಕಂಪನಿಗೆ ಹೋಗಿ ಕೇಳಿದರು.

"ಖಂಡಿತ ಅವರದೇ ಸಾರ್," ಎಂದ ಕಂಪನಿಯ ಕೌಂಟರಿನಲ್ಲಿದ್ದ ಮೈಸೂರಿನ ಪ್ರಶಾಂತ್. "ಅದಕ್ಕೇ ತೊಂದರೆ. ತಪ್ಪು ಮಾಡಿದವರು ತಿದ್ಕೋಬಹುದು. ನೀವು ಏನನ್ನ ತಿದ್ಕೋತೀರಿ?"

ನಿಯಮ ಸರಳವಾಗಿತ್ತು. ಅಪಾಯಕಾರಿ ಚಾಲಕನು ತನಗೆ ವಿಮೆ ಇದೆಯೆಂಬ ಪುರಾವೆಯನ್ನು ವಿಮಾ ಕಂಪನಿಯಿಂದ ಪಡೆದು, ಅದೇ ಕಂಪನಿಗೆ ಸಲ್ಲಿಸತಕ್ಕದ್ದು. ಅಂಗೀಕಾರವಾಗುವವರೆಗೆ ಸ್ಟಿಯರಿಂಗ್ ಮುಟ್ಟತಕ್ಕದ್ದಲ್ಲ. ಪ್ರಶಾಂತ್ ಎರಡನೇ ಕೌಂಟರಿನಲ್ಲಿ ಪುರಾವೆ ಕೊಟ್ಟ. ಕುರ್ಚಿ ಎಳೆದುಕೊಂಡು ಮೊದಲನೇ ಕೌಂಟರಿಗೆ ಬಂದು ಅದನ್ನೇ ಇಸಕೊಂಡ. ಇಸಕೊಂಡು, ಅನುಮಾನದಿಂದ ಬೆಳಕಿಗೆ ಹಿಡಿದು ನೋಡಿದ.

"ಇದು ಅಸಲಿಯೋ ಅಂತ ಆ ಕೌಂಟರಿಗೆ ಬರೆದು ಕೇಳ್ಬೇಕು."

"ಆ ಕೌಂಟರೂ ನೀವೇ ಅಲ್ವಾ?"

"ಹೌದು. ಆದ್ರೆ ನನ್ನ ಉತ್ತರ ಬರಬೇಕಲ್ಲ ಸಾರ್? ಇವತ್ತು ಗುರುವಾರ. ಶುಕ್ರ, ಶನಿ ರಜೆ. ನಾನು ಭಾನುವಾರ ನೋಡ್ತೀನಿ."

ಶುಕ್ರವಾರವೇ ಅಲ್ ಅಜೀಜಿಯಾ ಬಡಾವಣೆಯ ಕಾಂತಾಮಣಿಯವರ ಮನೆಯಲ್ಲಿ ಮಗಳ ಸೀಮಂತ. ವಿಮಾನದಲ್ಲಿ ಬಂದಿಳಿದ ಮಲ್ಲಿಗೆ ಸಮಯಕ್ಕೆ ತಲುಪಿದರೆ, ಆಕೆ ಅಧ್ಯಕ್ಷೆಯಾಗಿರುವ ಕನ್ನಡ ಸಂಘದ ಹಬ್ಬಗಳ ಹೂವೆಲ್ಲ ಕುಂಞಿಯವರದು. ತಪ್ಪಿದರೆ ಉಮ್ಮ್ ಸಲಾಲಿನ ಪ್ಲಾಸ್ಟಿಕ್ ಹೂವಿನವನದು. ಸಿಟ್ಟು ಇಳಿಯುವಷ್ಟರಲ್ಲಿ ಮಾಲು ಬಾಡುತ್ತದೆಂದು ಕುಂಞಿ ಸಿಟ್ಟು ಮಾಡಲಿಲ್ಲ.

"ಬೇರೆ ದಾರಿ ಉಂಟಾ?"

"ಕಡಿಮೆ ಅಪಾಯದ ಚಾಲಕರು ನಿಮ್ಮ ವ್ಯಾನ್ ಓಡಿಸ್ಬಹುದು. ಸರ್ಫರಾಝ್ ಅಂತ ಒಬ್ರಿದಾರೆ, ಒಳ್ಳೆ ದಾಖಲೆ."

"ಅವನೇ ಅಲ್ವಾ ಮೊನ್ನೆ ನನಗೆ ಗುದ್ದಿದ್ದು!"

"ಒಂದೇ ಸಲ ಸಾರ್. ನಿಮ್ಮದು ಮೂರು."

ಶುಕ್ರವಾರ ಸರ್ಫರಾಝ್ ಬಹಳ ಜಾಗ್ರತೆಯಿಂದ ಓಡಿಸಿದ. ಕಾಂತಾಮಣಿಯವರ ಮನೆಗೆ ಎರಡು ಗಲ್ಲಿ ಇರುವಾಗ ಚಹಾದಂಗಡಿ ಕಂಡಿತು.

"ಬೇಡ ಮಾರಾಯ," ಎಂದರು ಕುಂಞಿ.

"ಒಂದು ಕರಕ್, ಕಾಕಾ. ಖಲಾಸ್!" ಎಂದು ಅವನು ಹಾರ್ನ್ ಹೊಡೆದ.

ಮುಂದಿನಿಂದ ಚಹಾ ಬಂತು. ಹಿಂದಿನಿಂದ ಪಿಕಪ್ ಬಂತು. ಯಾರಿಗೂ ಪೆಟ್ಟಾಗಲಿಲ್ಲ, ವ್ಯಾನು ಮಾತ್ರ ಆಮೇಲೆ ಅಲ್ಲಿಂದ ಕದಲಲಿಲ್ಲ.

"ನಿಮಗೆ ಇಷ್ಟು ಅನುಭವ ಉಂಟು," ಎಂದು ಸರ್ಫರಾಝ್ ಅಂಗಿಯ ಮೇಲಿನ ಚಹಾ ಒರೆಸಿಕೊಳ್ಳುತ್ತ ನೊಂದು ನುಡಿದ, "ಸರಿಯಾಗಿ ಹೇಳಬಾರದಾ?"

ಸ್ವಲ್ಪ ಹೊತ್ತಿಗೇ ಕುಂಞಿಯವರ ಮೊಬೈಲಿಗೆ ವಿಮಾ ಕಂಪನಿಯ ಸಂದೇಶ ಬಂತು: 'ಅಪಘಾತಗಳಲ್ಲಿನ ತಮ್ಮ ಸತತ ಹಾಜರಾತಿಯನ್ನು ಪರಿಗಣಿಸಿ ತಮ್ಮನ್ನು ಅಪಾಯಕಾರಿ ಪ್ರಯಾಣಿಕರ ದರ್ಜೆಗೂ ಏರಿಸಲಾಗಿದೆ. ಪುರಾವೆ ಅಂಗೀಕಾರವಾಗುವವರೆಗೆ ಎಲ್ಲಿಯೂ ನಿಲ್ಲಬಾರದಾಗಿ ವಿನಂತಿ.'

ಕುಂಞಿ ಬುಟ್ಟಿಗಳನ್ನು ಹೆಗಲಿಗೇರಿಸಿ ನಡೆದೇ ಹೋದರು. ಕಾಂತಾಮಣಿ ಗೇಟಿನಲ್ಲೇ ಮಲ್ಲಿಗೆ ಮೂಸಿದರು.

"ಫ್ರೆಶ್ ಆಗಿದೆ. ಸಂಘದ್ದೂ ನೀವೇ ಕೊಡಿ. ಆದ್ರೆ ಕುಂಞಿಯವರೇ, ನಮ್ಮ ಸಂಘದ ಪ್ರಶಾಂತ್ ಎಲ್ಲ ಹೇಳಿದಾನೆ. ನಮ್ಮ ಗೇಟ್ ಹತ್ರ ನಿಲ್ಬೇಡಿ. ಒಳಗೆ ಬಸುರಿ ಇದಾಳೆ."

ಖಾಲಿ ಬುಟ್ಟಿ ವಾಪಸು ಬರುವವರೆಗೆ ಕಾಯಬೇಕಿತ್ತು. ಕುದುರಿದ ಒಪ್ಪಂದವೂ ಕೆಡಬಾರದಿತ್ತು. ಕುಂಞಿ ನಿಲ್ಲದೆ ಗೇಟಿನ ಮುಂದೆ ಆಚೀಚೆ ನಡೆಯತೊಡಗಿದರು. ಊಟಕ್ಕೆ ಬಂದ ಪ್ರಶಾಂತ್ ಅದನ್ನು ಕಂಡು ಮೆಚ್ಚಿ, "ಹೀಗೇ ಇರಿ ಸಾರ್," ಎಂದು ಒಳಹೋದ.

ಪಾಯಸ ಬಡಿಸುವ ಹೊತ್ತಿಗೆ ಹೊರಗೆ ಕಾಯುತ್ತಿದ್ದ ಡ್ರೈವರುಗಳೆಲ್ಲ ಕೈಯಲ್ಲಿ ತಟ್ಟೆ ಹಿಡಿದು ಕುಂಞಿಯವರ ಹಿಂದೆ ಸಾಲಾಗಿ ನಡೆಯುತ್ತಿದ್ದರು. ಊಟದ ಸಾಲು ಇದೇ ಎಂದು ಎಲ್ಲರೂ ನಂಬಿದ್ದರು. ಕಾಂತಾಮಣಿ ಬಡಿಸುವವರಿಗೂ ಅವರ ಜೊತೆಗೇ ನಡೆಯಲು ಹೇಳಿದರು.