ಬಾಯಿ ಮುಚ್ಚಿದರೆ ಮಾತ್ರ ವಿದೇಶ

ಸಮಸ್ತರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲು ಗಂಟೆಗೆ, ಎಂಟು ಹಲ್ಲಿನ ಒಂದೂವರೆ ವರ್ಷದ ಹೆಣ್ಣುಮಗುವೊಂದು ಬಾಯಿ ಮುಚ್ಚಲು ನಿರಾಕರಿಸಿತು.

ಇದೇನು ಮಹಾ ಸುದ್ದಿ ಎಂದು ಮೂಗು ಮುರಿಯಬೇಡಿ. ನಿರಾಕರಿಸಿದ್ದು ಯಾರ ಎದುರು ಎನ್ನುವುದು ಮುಖ್ಯ. ಇಪ್ಪತ್ತೆರಡು ವರ್ಷದಿಂದ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ ಸ್ಟುಡಿಯೋದವನ ಎದುರು. ಆ ಬೀದಿಯಿಂದ ವಿದೇಶಕ್ಕೆ ಹೊರಟವರೆಲ್ಲ ಅವನ ಸ್ಟೂಲಿನ ಮೇಲೆ ಕೂತು, "ಬಾಯ್ಮುಚ್ಚಿ" ಅನ್ನಿಸಿಕೊಂಡೇ ಹೋದವರು. ಕೋರ್ಟಿನಲ್ಲಿ ಯಾರ ಮಾತಿಗೂ ಬಾಯಿ ಮುಚ್ಚದ ವಕೀಲರು ಕೂಡ ಅಲ್ಲಿ ಮರುಮಾತಾಡದೆ ಮುಚ್ಚಿದ್ದರು. ಹೀಗಾಗಿ ಬೀದಿಯವರು ಅವನಿಗೆ ಬಾಯ್ಮುಚ್ಚಣ್ಣ ಎಂದೇ ಹೆಸರಿಟ್ಟಿದ್ದರು.

ಈಗ ಸ್ಟೂಲಿನ ಮೇಲೆ ಕೂತಿದ್ದವಳು ಅವನದೇ ಮಗಳು, ಚಿಟಿಕೆ. ಎಂಟು ತಿಂಗಳ ಹಿಂದೆ ಮಕ್ಕಳ ಆಶ್ರಮದಿಂದ ದತ್ತು ತಂದಾಗ ಚಿಟಿಕೆಯಷ್ಟೇ ಇದ್ದಳು. ಈಗ ಹಿಡಿಯಷ್ಟಾಗಿ ಇಡೀ ಮನೆಯನ್ನು ಹಿಡಿತಕ್ಕೆ ತೆಗೆದುಕೊಂಡಿದ್ದಳು. ಮೊದಲ ದಿನ ಅವನ ಮುಖ ಕಂಡು ಕಿಟಾರನೆ ಕಿರುಚಿದ್ದಳು. ದಿಕ್ಕು ತೋಚದೆ ಅವನು ಕ್ಯಾಮೆರಾದ ಹಿಂದೆ ಮುಖ ಅಡಗಿಸಿ, ಪಕ್ಕದಿಂದ ಇಣುಕಿ "ಕೂ" ಅಂದಿದ್ದ. ಅಳು ನಿಂತು ನಗು ಬಂದಿತ್ತು. ಅಂದಿನಿಂದ ಅವಳ ಪಾಲಿಗೆ ಕ್ಯಾಮೆರಾ ಎಂದರೆ ಅಪ್ಪ ಅಡಗಿಕೊಳ್ಳುವ ಜಾಗ. ಎಂಟು ತಿಂಗಳಲ್ಲಿ ಅವನು ತೆಗೆದ ಮೂರು ಸಾವಿರ ಫೋಟೋಗಳಲ್ಲೂ ಅವಳ ಬಾಯಿ ಬಾಗಿಲು ತೆಗೆದಿಟ್ಟ ಬೀರುವಿನಂತಿತ್ತು.

ಪಾಸ್‌ಪೋರ್ಟಿನವರಿಗೋ, ಮುಚ್ಚಿದ ಬಾಯಿ ಬೇಕು. ತೆರೆದ ಕಣ್ಣು ಬೇಕು. ಎರಡು ಕಿವಿಯೂ ಕಾಣಬೇಕು. ನಗು ಮಾತ್ರ ಕೂಡದು.

ಕಡಲಾಚೆ ಇರುವ ಹೆಂಡತಿಯ ಅಕ್ಕ, "ಕೂಸಿನ ಕಾಲು ಮೊದಲ ಸಲ ಸಮುದ್ರಕ್ಕೆ ತಾಗೋದು ನನ್ನ ಕೈಯಲ್ಲೇ" ಎಂದು ಹಟ ಹಿಡಿದು ಟಿಕೆಟ್ ಕಳಿಸಿದ್ದಳು. ದತ್ತಿನ ಆದೇಶ ಕೈಗೆ ಬಂದದ್ದು ಹೋದ ವಾರ. ಈ ದಿನ ನಾಲ್ಕು ಗಂಟೆಯೊಳಗೆ ಅರ್ಜಿ ಕೊಟ್ಟರೆ ಶನಿವಾರ ಪಾಸ್‌ಪೋರ್ಟ್, ಭಾನುವಾರ ವಿಮಾನ. ತಪ್ಪಿದರೆ ಮುಂದಿನ ಸರದಿ ಬರುವಷ್ಟರಲ್ಲಿ ವಿಮಾನ ಹೋಗಿ, ಬಂದು, ಮತ್ತೆ ಹೋಗಿರುತ್ತಿತ್ತು.

ಆದರೆ ಬಾಯ್ಮುಚ್ಚಣ್ಣನಿಗೆ ಸಮುದ್ರಕ್ಕಿಂತ ಆಸೆ ಇದ್ದದ್ದು ಒಂದು ಗೆರೆಯ ಮೇಲೆ. ಪಾಸ್‌ಪೋರ್ಟಿನಲ್ಲಿ 'ತಂದೆ' ಎಂಬಲ್ಲಿ ಅವನ ಹೆಸರು ಅಚ್ಚಾಗುತ್ತದಲ್ಲ, ಆ ಗೆರೆ. ಎಂಟು ತಿಂಗಳಿಂದ ಆಸ್ಪತ್ರೆ, ಲಸಿಕೆ, ಶಿಶುವಿಹಾರ, ಎಲ್ಲಿ ಹೋದರೂ ಅವನ ಮೂಗನ್ನೂ ಮಗುವಿನ ಮೂಗನ್ನೂ ತಾಳೆ ನೋಡಿ, "ನೀವು ಮಗೂಗೆ ಏನಾಗ್ಬೇಕು?" ಅಂತ ಕೇಳಿದವರೇ ಎಲ್ಲ.

"ಕಂದಾ, ಬಾಯ್ಮುಚ್ಚು" ಎಂದು ಕ್ಯಾಮೆರಾ ಎತ್ತಿದ.

ಎಂಟೂ ಹಲ್ಲು ಪ್ರತ್ಯಕ್ಷವಾದವು.

"ರೀ, ನೀವು ಅಡಗ್ಕೊಂಡ್ರೆ ಅವಳು ನಗದೆ ಇರ್ತಾಳಾ?" ಅಂದಳು ಹೆಂಡತಿ.

"ಅಡಗ್ಕೊಳ್ತಿಲ್ಲ ಕಣೇ, ಫೋಕಸ್ ಮಾಡ್ತಿದೀನಿ."

"ಅವಳಿಗೆ ಎರಡೂ ಒಂದೇ."

ಗಲಾಟೆ ಕೇಳಿ ಪಕ್ಕದಂಗಡಿಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಪರರ ಕೆಲಸದಲ್ಲಿ ಮೂಗು ತೂರಿಸುವುದು ಅವನಿಗೆ ಸೂಜಿಗೆ ದಾರ ಏರಿಸುವಷ್ಟೇ ಸಲೀಸು. "ಹೆದರಿಸ್ಬೇಕು ಅಣ್ಣಾ, ಆಗ ನಗು ತಾನಾಗೇ ನಿಲ್ಲತ್ತೆ" ಎಂದು ಕಣ್ಣು ಕೆಕ್ಕರಿಸಿ, ಹುಬ್ಬು ಗಂಟಿಕ್ಕಿ, ಹುಲಿಯಂತೆ ಗರ್ಜಿಸಿದ. ಚಿಟಿಕೆ ಕೇಕೆ ಹಾಕಿ, ಟೇಪು ಹಿಡಿದೆಳೆದು, "ಇನ್ನಾ" ಅಂದಳು. ಅವನು ಇನ್ನೂ ನಾಲ್ಕು ಸಲ ಗರ್ಜಿಸಬೇಕಾಯಿತು.

ಎದುರಿನ ಔಷಧಿ ಅಂಗಡಿಯ ಅತ್ತೆ ಧಾವಿಸಿದರು. ಯಾರಿಗೂ ಅತ್ತೆಯಲ್ಲದೆ ಬೀದಿಗೆಲ್ಲ ಅತ್ತೆಯಾಗಿದ್ದವರು. "ಬಾಯಿಗೆ ಕೆಲಸ ಕೊಡ್ರೋ! ಕೆಲಸ ಇದ್ರೆ ಬಾಯಿ ತೆಗೀತಾರಾ ಯಾರಾದ್ರೂ?" ಎಂದು ಬಿಸ್ಕತ್ತು ತುರುಕಿದರು. ಬಾಯಿ ಮುಚ್ಚಿತು. ಜೊತೆಗೆ ಕೆನ್ನೆಗಳು ಉಬ್ಬಿ, ಫೋಟೋದಲ್ಲಿ ಬಂದದ್ದು ಹಲ್ಲುನೋವು ಬಂದ ವ್ಯಾಪಾರಿಯ ಮುಖ.

ಕಿವಿ ಕಾಣುತ್ತಿಲ್ಲವೆಂದು ಕ್ಷೌರದಂಗಡಿಯವನು ಬಂದ. ನೀರು ಚಿಮುಕಿಸಿದ್ದೇ ತಡ, ಚಿಟಿಕೆ ಬಿಸ್ಕತ್ತು ಉಗಿದು ಅಳಲು ತೆಗೆದಳು. ನಗುವಾಗ ಎಂಟು ಹಲ್ಲು ಕಾಣುತ್ತಿದ್ದವು. ಈಗ ಕಿರುನಾಲಗೆಯವರೆಗೂ ದರ್ಶನವಾಯಿತು.

"ನಿನ್ನನ್ನ ಯಾರಯ್ಯಾ ಕರೆದ್ರು?" ಎಂದು ಅತ್ತೆ ರೇಗಿದರು.

"ನಿಮ್ಮನ್ನ ಯಾರು ಕರೆದ್ರು?"

"ನಾನು ಹೇಳಿಕಳಿಸಿಕೊಂಡು ಬರೋಳಲ್ಲಪ್ಪ!"

ಹನ್ನೆರಡೂವರೆ ಆಯಿತು. ಕೊನೆಗೆ ನಿವೃತ್ತ ಹೆಡ್‌ಮಾಸ್ತರರು ಒಳಬಂದು, ಬೆತ್ತವಿಲ್ಲದ ಕೈಯನ್ನೇ ಬೆತ್ತದಂತೆ ಆಡಿಸುತ್ತ, "ಮಗುವಿಗೆ ತಿಳಿಸಿ ಹೇಳಬೇಕು" ಎಂದು ಶಿಸ್ತಿನ ಮಹತ್ವವನ್ನು ಬೋಧಿಸತೊಡಗಿದರು. ಐದನೇ ನಿಮಿಷಕ್ಕೆ ಮಗುವಿನ ಬಾಯಿ ಮುಚ್ಚಿತು.

"ನೋಡಿದ್ರಾ!" ಅಂದರು.

ಕಣ್ಣೂ ಮುಚ್ಚಿತ್ತು. ಟೈಲರನದೂ ಮುಚ್ಚಿತ್ತು.

ಆಗ ಬಾಯ್ಮುಚ್ಚಣ್ಣನ ತಲೆಯಲ್ಲಿ ಫ್ಲಾಶ್ ಹೊಡೆಯಿತು. ಎಚ್ಚರವಾದ ಮೊದಲ ಗಳಿಗೆಯಲ್ಲಿ ಮಕ್ಕಳು ನಗುವುದೂ ಇಲ್ಲ, ಅಳುವುದೂ ಇಲ್ಲ. ಇದು ಯಾವ ಲೋಕ ಎಂದು ಸುಮ್ಮನೆ ನೋಡುತ್ತಾರೆ. ಆ ಗಳಿಗೆಯನ್ನು ಹಿಡಿಯಬೇಕು. ಮಗುವನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿದರು. ಅವನು ಕ್ಯಾಮೆರಾ ಹಿಡಿದು ಸ್ಟೂಲು ಹತ್ತಿ ಬಗ್ಗಿದ. ಒಂದು ಗಂಟೆಯಾಯಿತು, ಎರಡಾಯಿತು. ಸೊಂಟ ಹಿಡಿದುಕೊಂಡಿತು. ಎಂದೂ ಮಾತು ನಿಲ್ಲಿಸದ ಬೀದಿ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿತ್ತು. ಅತ್ತೆಗೆ ಸೀನು ಬಂತು. ಕ್ಷೌರದಂಗಡಿಯವನು ಅವರ ಮೂಗು ಹಿಡಿದುಕೊಂಡ.

ಮೂರು ಗಂಟೆಗೆ ಚಿಟಿಕೆ ಕಣ್ಣು ತೆರೆದಳು. ನ್ಯಾಯಾಧೀಶರಂತೆ ಗಂಭೀರವಾಗಿ ಮೇಲೆ ನೋಡಿದಳು.

ಕ್ಲಿಕ್.

ಆಮೇಲೆ ಎಂಟು ಹಲ್ಲೂ ಬಂದವು, ಬರಲಿ ಬಿಡಿ.

ಅಂಥ ಪಾಸ್‌ಪೋರ್ಟ್ ಫೋಟೋವನ್ನು ಆ ಸ್ಟುಡಿಯೋ ಕಂಡಿರಲಿಲ್ಲ. 'ಇದು ಮಗುವಿನ ನಿಜವಾದ ಚಿತ್ರವೆಂದು ದೃಢೀಕರಿಸುತ್ತೇನೆ' ಎಂದು ಹಿಂಬದಿಯಲ್ಲಿ ಬರೆದು, ಸ್ಟುಡಿಯೋದ ಮೊಹರು ಒತ್ತಿ, ಬಾಲ ಎಳೆದು ಸಹಿ ಹಾಕಿದ. ಗಂಡ, ಹೆಂಡತಿ, ಮಗು ಆಟೋ ಹತ್ತಿದರು. "ಇಷ್ಟೆಲ್ಲ ಮಾಡಿ ಕೊನೇದು ನೋಡದೆ ಬಿಡ್ತೀನಾ?" ಎಂದು ಟೈಲರನೂ ಹತ್ತಿದ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕೌಂಟರ್ ಸಿಕ್ಕಿತು. ಅಧಿಕಾರಿಣಿ ಫೋಟೋವನ್ನು ಸ್ಕೇಲಿಟ್ಟು ಅಳೆದರು. "ಎಷ್ಟು ಚೆನ್ನಾಗ್ ತೆಗೆದಿದಾರ್ರೀ! ಈ ವಯಸ್ಸಿನ ಮಕ್ಕಳದು ನೂರಕ್ಕೆ ತೊಂಬತ್ತು ವಾಪಸ್ ಕಳಿಸ್ತೀನಿ ನಾನು."

ಬಾಯ್ಮುಚ್ಚಣ್ಣನ ಎದೆ ಅಂಗಿಯ ಎರಡು ಗುಂಡಿಗೆ ಅಪಾಯ ತಂದಿತು.

ಅವರು ಫೋಟೋ ತಿರುವಿದರು. ಅರ್ಜಿ ನೋಡಿದರು. ಮತ್ತೆ ತಿರುವಿದರು.

"ಫೋಟೋದ ಹಿಂದೆ ಇರೋ ಸಹಿ ಯಾರ್ದು?"

"ನಂದೇ ಮೇಡಂ!"

"ಅರ್ಜೀಲಿ ತಂದೆ ಅಂತ ಇರೋದು?"

"ಅದೂ ನಂದೇ!"

"ಅಯ್ಯೋ, ಹಾಗಾದ್ರೆ ಆಗಲ್ಲ. ದೃಢೀಕರಿಸೋ ಫೋಟೋಗ್ರಾಫರ್ ಮಗುವಿನ ಸಂಬಂಧಿಕ ಆಗಿರಬಾರದು. ನಿಯಮ ಹದಿನಾಲ್ಕು." ಬೇಸರದಿಂದಲೇ ಹೇಳಿದರು. "ಫೋಟೋ ಚೆನ್ನಾಗಿದೆ. ತೆಗೆದೋರು ಸರಿಯಿಲ್ಲ."

ಇಪ್ಪತ್ತೆರಡು ವರ್ಷ ಊರವರ ಫೋಟೋ ತೆಗೆದವನಿಗೆ ಈ ನಿಯಮ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಅವನ ಸಂಬಂಧಿಕರಲ್ಲಿ ಯಾರೂ ವಿದೇಶಕ್ಕೆ ಹೋಗಿರಲಿಲ್ಲ.

ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಆಗ ಟೈಲರ್ ನಡುವೆ ತಲೆ ತೂರಿಸಿದ. "ಮೇಡಂ, ಅದು ದತ್ತು ಮಗು! ರಕ್ತಸಂಬಂಧ ಒಂದು ತೊಟ್ಟೂ ಇಲ್ಲ. ಇವರ ಮೂಗು ನೋಡಿ, ಮಗು ಮೂಗು ನೋಡಿ!"

ಅಧಿಕಾರಿಣಿಯ ಮುಖ ಅರಳಿತು. ಅವರಿಗೂ ಆ ಫೋಟೋ ಬಿಡಲು ಮನಸ್ಸಿರಲಿಲ್ಲ. "ಹೌದಾ? ನಿಯಮದಲ್ಲಿ ದತ್ತಿನ ಮಾತೇ ಇಲ್ಲ. ಒಂದ್ಕೆಲಸ ಮಾಡಿ. 'ಮಗುವಿಗೂ ನನಗೂ ಸಂಬಂಧವಿಲ್ಲ' ಅಂತ ಇಲ್ಲಿ ಒಂದು ಗೆರೆ ಬರೆದು ಸಹಿ ಹಾಕಿ. ತಂದೆ ಕಾಲಂ ಖಾಲಿ ಬಿಡೋಣ, ತಾಯಿ ಸಹಿ ಸಾಕು. ಈಗ್ಲೇ ತಗೋತೀನಿ."

ಪೆನ್ನು ಕೈಗೆ ಬಂತು. ಸಮುದ್ರ ಒಂದು ಗೆರೆಯಷ್ಟೇ ದೂರವಿತ್ತು. ಅವನು 'ಮಗುವಿಗೂ' ಎಂದು ಬರೆದ. 'ನನಗೂ' ಎಂದು ಬರೆದ. ಚಿಟಿಕೆ ಹೆಂಡತಿಯ ಸೊಂಟದಿಂದ ಬಗ್ಗಿ ಪೆನ್ನಿನ ತುದಿ ಹಿಡಿದು ಜಗ್ಗುತ್ತಿದ್ದಳು.

"ಬರೀರಿ ಅಣ್ಣಾ, ಬರೀ ಕಾಗದದಲ್ಲಿ ತಾನೇ!" ಎಂದು ಟೈಲರ್ ಪಿಸುಗುಟ್ಟಿದ.

"ನೀನು ಬಾಯ್ಮುಚ್ಚೋ" ಅಂದ ಅವನು, ಮೊದಲ ಸಲ ಕೈಯಲ್ಲಿ ಕ್ಯಾಮೆರಾ ಇಲ್ಲದೆ. ಪೆನ್ನನ್ನು ಮಗುವಿಗೇ ಬಿಟ್ಟುಕೊಟ್ಟ. "ಸಂಬಂಧ ಇದೆ ಮೇಡಂ."

"ವಿಮಾನ ತಪ್ಪತ್ತೆ."

"ತಪ್ಪಲಿ. ಅಪ್ಪ ನಾನು."

ಅಧಿಕಾರಿಣಿ ನಿಟ್ಟುಸಿರಿಟ್ಟು ಅರ್ಜಿಯ ಮೇಲೆ ಧಡ್ಡನೆ ಮೊಹರು ಒತ್ತಿ, ಕೆಳಗೆ ಕಾರಣ ಬರೆದು ಅವನತ್ತ ತಿರುಗಿಸಿದರು: 'ತಿರಸ್ಕೃತ. ಸದರಿ ಛಾಯಾಗ್ರಾಹಕರು ಮಗುವಿನ ತಂದೆಯೇ ಆಗಿರುವುದು ದೃಢಪಟ್ಟಿದೆ.'

ಬಾಯ್ಮುಚ್ಚಣ್ಣ ಓದಿದ. ಇನ್ನೊಮ್ಮೆ ಓದಿದ. ಹೆಂಡತಿಗೆ ಓದಿಸಿದ. ತಿರಸ್ಕೃತನಾದ ಮನುಷ್ಯನೊಬ್ಬ ಹೀಗೆ ಕಿವಿಯಿಂದ ಕಿವಿಗೆ ನಗುವುದನ್ನು ಆ ಕಚೇರಿ ನೋಡಿರಲಿಲ್ಲ.

"ಮೇಡಂ, ಇದನ್ನ ಮನೆಗೆ ಕೊಡ್ತೀರಾ? ಫ್ರೇಮ್ ಹಾಕಿಸ್ಬೇಕು."

"ಇದು ಕಡತಕ್ಕೆ ಹೋಗೋದು, ಕೊಡೋ ಹಾಗಿಲ್ಲ."

"ಒಂದು ಜೆರಾಕ್ಸ್?"

"ನಾಲ್ಕಾಯ್ತು. ಮಷೀನ್ ಆಫ್."

"ಪರವಾಗಿಲ್ಲ ಬಿಡಿ, ನಾನೇ ಫೋಟೋಗ್ರಾಫರ್" ಎಂದು ಅವನು ಹೆಮ್ಮೆಯಿಂದ ಚೀಲದಿಂದ ಕ್ಯಾಮೆರಾ ತೆಗೆದು, ಕಾಗದಕ್ಕೆ ಗುರಿ ಹಿಡಿದ.

ಅಧಿಕಾರಿಣಿ ಕತ್ತೆತ್ತದೆ ತಲೆಯ ಮೇಲಿದ್ದ ಬೋರ್ಡಿನತ್ತ ಬೆರಳು ತೋರಿಸಿದರು.

"ಕಚೇರಿ ಒಳಗೆ ಫೋಟೋ ತೆಗೆಯೋ ಹಾಗಿಲ್ಲ."