ಊರಕೆರೆಯೂ ಮಹಾರಾಜರ ಮೂಗೂ

ಬಹಳ ಹಿಂದೆ, ಎಂದರೆ ಸರ್ಕಾರಿ ಕಚೇರಿಯ ಕಂಪ್ಯೂಟರು ಗುಂಡಿ ಒತ್ತಿದ ಮೇಲೆ ಎಚ್ಚರಗೊಳ್ಳಲು ತೆಗೆದುಕೊಳ್ಳುವಷ್ಟು ಕಾಲದ ಹಿಂದೆ, ತಥಾಸ್ತುಪುರವೆಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜಾಧಿರಾಜ ಸುಪ್ತಸಿಂಹ ಪ್ರಭುಗಳು. ಆಳುತ್ತಿದ್ದರು ಎಂಬುದು ಆಸ್ಥಾನದವರ ಮಾತು. ಇದ್ದರು ಎಂಬುದಂತೂ ನಿಜ.

ಆ ರಾಜ್ಯದಲ್ಲಿ ಕಂಪ್ಯೂಟರಿಗೇನೂ ಬರವಿರಲಿಲ್ಲ. ಅಂಗಡಿಯಿಂದ ಬರುವ ಪ್ರತಿ ಕಂಪ್ಯೂಟರಿನ ಹೊಟ್ಟೆಯೊಳಗೂ ‘ಸುಖಾಸನ’ ಎಂಬ ಆಪರೇಟಿಂಗ್ ಸಿಸ್ಟಂ ಮೊದಲೇ ಕೂತು ಬರುತ್ತಿತ್ತು. ಅದು ದ್ವೀಪಾಂತರದ ವರ್ತಕ ಕನಕಶ್ರೇಷ್ಠಿಯ ಸರಕು. ಅದನ್ನು ಬೇಕೆಂದು ಯಾರೂ ಕೇಳಿರಲಿಲ್ಲ, ಬೇಡವೆನ್ನಬಹುದೆಂದು ಯಾರಿಗೂ ಗೊತ್ತಿರಲಿಲ್ಲ. ಪಾಠಶಾಲೆಗಳಲ್ಲಿ ಕಂಪ್ಯೂಟರ್ ಪಾಠವೆಂದರೆ ಸುಖಾಸನದ ಪಾಠವೇ. ನಾಲ್ಕು ವರ್ಷಕ್ಕೊಮ್ಮೆ ಶ್ರೇಷ್ಠಿ ಹೊಸ ಸುಖಾಸನ ಬಿಡುತ್ತಿದ್ದ. ಅದು ಹಳೆಯ ಯಂತ್ರ ಕಂಡರೆ ಒಲ್ಲೆನೆನ್ನುತ್ತಿತ್ತು. ಆಗ ಚೆನ್ನಾಗಿದ್ದ ಯಂತ್ರವನ್ನು ಗುಜರಿಗೆ ಹಾಕಿ ಹೊಸದನ್ನು ತರಬೇಕು. ಅದಕ್ಕೆಂದೇ ಪ್ರಜೆಗಳ ಮೇಲೆ ‘ಸುಖ ಕಂದಾಯ’ವೆಂಬ ತೆರಿಗೆಯಿತ್ತು.

ನಮ್ಮ ಚೆಲುವಾಜಮ್ಮನ ಕಥೆ ಶುರುವಾಗುವುದು ಅಲ್ಲಿಂದ. ಆಕೆ ಕೋಟೆಬಾಗಿಲಿನ ಪಡಿತರ ಚೀಟಿ ಕಚೇರಿಯ ಗುಮಾಸ್ತೆ. ಆಕೆ ಚೀಟಿ ಅಚ್ಚು ಹಾಕಿ ಕೊಟ್ಟರೆ ಜನರಿಗೆ ಆ ತಿಂಗಳ ಅಕ್ಕಿ, ಕೊಡದಿದ್ದರೆ ಇಲ್ಲ. ಆರು ವರ್ಷದ ಹಿಂದೆ ಆಕೆಯ ಕಂಪ್ಯೂಟರಿಗೆ ಹೊಸ ಸುಖಾಸನ ಹತ್ತಲಿಲ್ಲ. ಹೊಸ ಯಂತ್ರ ಬೇಡಿ ಬರೆದ ಅರ್ಜಿ ಮೇಲಕ್ಕೆ ಹೋಯಿತು, ಅಲ್ಲಿ ಹಾಯಾಗಿ ನೆಲೆಸಿತು. ಇತ್ತ ಚೀಟಿಯ ಸಾಲು ಬೀದಿಯ ತಿರುವು ದಾಟಿತು. ಖಾಲಿ ಚೀಲ ಹಿಡಿದು ನಿಂತವರ ಮುಖ ನೋಡಲಾಗದೆ ಆಕೆ ತಲೆತಗ್ಗಿಸಿ ಕೂರುತ್ತಿದ್ದಳು.

ಒಂದು ದಿನ ಸಾಲಿನಲ್ಲಿದ್ದ ಗಡಿಯಾರ ರಿಪೇರಿಯ ಬಸವಲಿಂಗಾಚಾರಿ ಕಿಟಕಿಯೊಳಗೆ ತಲೆ ತೂರಿಸಿದ.

“ಅಮ್ಮಾವ್ರೇ, ನಾವು ಮೂರು ಜನ ಬಿಡುವಾದಾಗ ಕೂತು ಒಂದು ಸಿಸ್ಟಂ ಕಟ್ಟಿದೀವಿ. ಊರಕೆರೆ ಅಂತ ಹೆಸರು. ಯಾರು ಬೇಕಾದ್ರೂ ಬಳಸ್ಬಹುದು, ಬಿಚ್ಚಿ ನೋಡ್ಬಹುದು, ತಿದ್ಕೋಬಹುದು. ಕಾಸು ಕೊಡೋ ಹಂಗಿಲ್ಲ. ಹಳೇ ಯಂತ್ರದಲ್ಲೂ ಓಡುತ್ತೆ. ಹಾಕ್ಕೊಡ್ಲಾ?”

“ಹಾಕಪ್ಪಾ, ಇದು ಇನ್ನು ಕೆಡೋಕೆ ಏನುಳಿದಿದೆ!” ಎಂದಳು ಚೆಲುವಾಜಮ್ಮ.

ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಊರಕೆರೆ ತುಂಬಿತು. ಸಂಜೆಗೆ ಸಾಲು ಕರಗಿತು. ಆಮೇಲೆ ಆರು ವರ್ಷ ಆ ಯಂತ್ರ ತಂಟೆಯಿಲ್ಲದೆ ದುಡಿಯಿತು. “ನಾನು ಅದರ ತಂಟೆಗೆ ಹೋಗಲ್ಲ, ಅದು ನನ್ನ ತಂಟೆಗೆ ಬರಲ್ಲ” ಎಂದು ಆಕೆ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಕೇಳಿದವರು ಇಬ್ಬರೇ.

ಎಲ್ಲ ಹೀಗೇ ನಡೆಯುತ್ತಿತ್ತೇನೋ. ಆದರೆ ಅರಮನೆಯ ಅಡುಗೆಯವನೊಬ್ಬ ಪಡಿತರ ಚೀಟಿಗೆಂದು ಹೋದವನು ಒಲೆಯ ಮೇಲಿನ ಬೇಳೆ ಬೇಯುವುದರೊಳಗೆ ವಾಪಸು ಬಂದುಬಿಟ್ಟ. ಸರ್ಕಾರಿ ಕಚೇರಿಗೆ ಹೋದವನು ಅದೇ ದಿನ ಬರುವುದೆಂದರೇನು! ಇದರಲ್ಲೇನೋ ಪಿತೂರಿಯಿದೆಯೆಂದು ಮಹಾರಾಜರು ಪ್ರಧಾನಮಂತ್ರಿ ಬಹುಪರಾಕಯ್ಯನವರನ್ನು ಕರೆದುಕೊಂಡು ಖುದ್ದಾಗಿ ಕೋಟೆಬಾಗಿಲಿಗೆ ಚಿತ್ತೈಸಿದರು.

“ಈ ಯಂತ್ರಕ್ಕೆ ಬೊಕ್ಕಸದಿಂದ ಎಷ್ಟು ವೆಚ್ಚ?” ಎಂದು ಅಪ್ಪಣೆಯಾಯಿತು.

“ಏನೂ ಇಲ್ಲ ಬುದ್ಧಿ, ಊರಕೆರೆ ಪುಕ್ಕಟೆ” ಎಂದಳು ಚೆಲುವಾಜಮ್ಮ.

ಬಹುಪರಾಕಯ್ಯನವರ ಮುಖ ಹುಳ್ಳಗಾಯಿತು. “ಟೆಂಡರಿಲ್ಲದೆ ಬಂದದ್ದೆ? ಪ್ರಭು, ಇದನ್ನು ಮುಟ್ಟಬೇಡಿ.”

ಮಹಾರಾಜರಿಗೆ ಆಗಷ್ಟೇ ಎಚ್ಚರವಾಗಿತ್ತು, ಹುರುಪು ಜಾಸ್ತಿಯಿತ್ತು. “ಮೂವತ್ತು ದಿನಗಳಲ್ಲಿ ಇಡೀ ರಾಜ್ಯ ಊರಕೆರೆಗೆ ಇಳಿಯತಕ್ಕದ್ದು! ಇದಕ್ಕೆ ಸ್ವತಂತ್ರ ಗಣಕ ಮಹಾಭಿಯಾನವೆಂದು ನಾಮಕರಣ ಮಾಡಿದ್ದೇವೆ” ಎಂದು ಘೋಷಿಸಿದರು. ಮಂತ್ರಿಗಳು ತಕ್ಷಣ ಬಾಗಿ, “ನನ್ನ ಮನಸ್ಸಿನಲ್ಲಿದ್ದುದೇ ಪ್ರಭುಗಳ ಬಾಯಲ್ಲಿ ಬಂತು!” ಎಂದು ಗದ್ಗದರಾದರು. ಚೆಲುವಾಜಮ್ಮನಿಗೆ ನಿಜಕ್ಕೂ ಸಂತೋಷವಾಯಿತು. ಇನ್ನು ಯಾವ ಕಚೇರಿಯ ಮುಂದೆಯೂ ಜನ ಕಾಯಬೇಕಾಗಿಲ್ಲವೆಂದು ನಂಬಿದಳು ಆ ಪುಣ್ಯಾತ್ಗಿತ್ತಿ.

ಅಭಿಯಾನಕ್ಕೆ ಲಾಂಛನ ಬಂತು, ಗೀತೆ ಬಂತು, ಮಹಾರಾಜರು ನಗುವ ಫ್ಲೆಕ್ಸುಗಳು ಬಂದವು. ಕೊನೆಗೆ ಊರಕೆರೆ ಕಟ್ಟಿದವರನ್ನೂ ಕರೆಸಬೇಕೆಂದು ಯಾರಿಗೋ ಹೊಳೆಯಿತು. ಬಸವಲಿಂಗಾಚಾರಿಯ ಜೊತೆ ಇನ್ನಿಬ್ಬರು ಬಂದರು. ಅಷ್ಟರಲ್ಲಿ ಅವರಿಗೆ ತಮ್ಮತಮ್ಮೊಳಗೆ ಮನಸ್ತಾಪವಾಗಿ, ಒಂದು ಕೆರೆ ಮೂರಾಗಿತ್ತು: ಹಳೆಕೆರೆ, ನಡುಕೆರೆ, ಹೊಸಕೆರೆ. ಮನಸ್ತಾಪದ ಮೂಲ, ಆರಂಭದ ಗುಂಡಿ ಪರದೆಯ ಮೇಲ್ಗಡೆ ಇರಬೇಕೋ ಕೆಳಗಡೆ ಇರಬೇಕೋ ಎಂಬುದು.

“ಮೂರರಲ್ಲಿ ನಾವು ಯಾವುದನ್ನು ಬಳಸಬೇಕು?” ಎಂದರು ಮಹಾರಾಜರು.

“ಅದು ತಮ್ಮ ಆಯ್ಕೆ ಪ್ರಭು, ಸ್ವಾತಂತ್ರ್ಯ ಅಂದ್ರೆ ಅದೇ” ಎಂದರು ಮೂವರೂ ಒಕ್ಕೊರಲಿನಿಂದ. ಅವರು ಒಕ್ಕೊರಲಿನಿಂದ ಹೇಳಿದ ಮಾತು ಅದೊಂದೇ. ಹುಟ್ಟಿದಾರಭ್ಯ ಅಂಗಿಯ ಬಣ್ಣವನ್ನೂ ಸ್ವತಃ ಆರಿಸದ ಮಹಾರಾಜರಿಗೆ ಬೆವರು ಬಂತು.

ಬಹುಪರಾಕಯ್ಯನವರು ತಮ್ಮ ಪ್ರಿಂಟರು ಇದಕ್ಕೆ ಹೊಂದುವುದೇ ಎಂದು ಕೇಳಿದರು. ಹೊಸಕೆರೆಯವನು, “ಕೈಪಿಡಿಯ ನಾನೂರ ಹನ್ನೆರಡನೇ ಪುಟದಲ್ಲಿ ಬರ್ದಿದೀವಲ್ಲ ಸ್ವಾಮಿ, ಓದಿಲ್ವಾ?” ಎಂದ. ಮಂತ್ರಿಗಳನ್ನು ಓದಿಲ್ವಾ ಎಂದು ಕೇಳಿದವನು ಆ ರಾಜ್ಯದ ಇತಿಹಾಸದಲ್ಲೇ ಇರಲಿಲ್ಲ.

“ಇರಲಿ. ಕೆಟ್ಟುಹೋದರೆ ಯಾರನ್ನು ಹಿಡಿಯಬೇಕು?” ಎಂದರು ಮಂತ್ರಿಗಳು.

“ಯಾರನ್ನೂ ಹಿಡಿಯೋ ಹಂಗಿಲ್ಲ ಸ್ವಾಮಿ. ಇದಕ್ಕೆ ಯಜಮಾನ ಅಂತ ಯಾರೂ ಇಲ್ಲ. ಎಲ್ಲರೂ ಸೇರಿ ಸರಿ ಮಾಡ್ಕೊಳ್ಳೋದು” ಎಂದ ಬಸವಲಿಂಗಾಚಾರಿ.

ಬಹುಪರಾಕಯ್ಯನವರು ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡರು. ಬೈಯುವುದಕ್ಕೆ ಒಬ್ಬ ಯಜಮಾನನೂ ಇಲ್ಲದ ವಸ್ತುವನ್ನಿಟ್ಟುಕೊಂಡು ಸರ್ಕಾರ ನಡೆಸುವುದಾದರೂ ಹೇಗೆ, ನೀವೇ ಹೇಳಿ.

ತಥಾಸ್ತುಪುರದಲ್ಲಿ ಒಂದು ಸಂಪ್ರದಾಯವಿತ್ತು. ಪ್ರತಿ ರಾಜಾಜ್ಞೆಯ ತಲೆಭಾಗದಲ್ಲಿ ಮಹಾರಾಜರ ಭಾವಚಿತ್ರ, ಅದರ ಕೆಳಗೆ ಸರಿಯಾಗಿ ಎರಡು ಬೆರಳು ಬಿಟ್ಟು ಗಿಳಿಯ ಮುದ್ರೆ. ಮುದ್ರೆ ಕೂದಲೆಳೆಯಷ್ಟು ಸರಿದರೂ ಆಜ್ಞೆ ಅಸಿಂಧು. ಮುದ್ರೆ ಸರಿದರೆ ಸಿಂಹಾಸನ ಸರಿಯುತ್ತದೆಂದು ಆಸ್ಥಾನದ ಜ್ಯೋತಿಷಿಗಳ ಅಂಬೋಣ. ಮಹಾಭಿಯಾನದ ಆಜ್ಞೆಯನ್ನು ಮಂತ್ರಿಗಳ ಕಚೇರಿಯಲ್ಲಿ ಬರೆಯಲಾಯಿತು, ಸುಖಾಸನದಲ್ಲಿ. ಅಲ್ಲಿಯವರಿಗೆ ಬೇರೇನೂ ಬರುತ್ತಿರಲಿಲ್ಲವಲ್ಲ.

ಉದ್ಘಾಟನೆಯ ದಿನ ತುಂಬಿದ ಸಭೆಯಲ್ಲಿ ಚೆಲುವಾಜಮ್ಮನ ಯಂತ್ರವನ್ನೇ ತಂದಿಟ್ಟು, ದೊಡ್ಡ ಪರದೆಗೆ ಜೋಡಿಸಿ, ಆ ಆಜ್ಞೆಯನ್ನು ತೆರೆದರು. ಅಯ್ಯೋ ಶಿವನೇ! ಗಿಳಿ ಮೇಲಕ್ಕೆ ಸರಿದು ಮಹಾರಾಜರ ಮೂಗಿನ ಮೇಲೆ ಕೂತಿತ್ತು.

“ರಾಜದ್ರೋಹ!” ಎಂದು ಬಹುಪರಾಕಯ್ಯನವರು ಕಿರುಚಿದರು.

ಚೆಲುವಾಜಮ್ಮ ಎದ್ದಳು. “ಬುದ್ಧೀ, ತಪ್ಪು ಇದರದ್ದಲ್ಲ. ಕಾಗದ ಬರೆದದ್ದು ಸುಖಾಸನದಲ್ಲಿ. ಮುದ್ರೆ ಎಲ್ಲಿಟ್ಟಿದೀನಿ ಅನ್ನೋದನ್ನ ಅದು ಹೊರಗಿನವರಿಗೆ ಬಾಯಿ ಬಿಡಲ್ಲ. ಇದು ಪಾಪ ಅಂದಾಜಲ್ಲಿ ಇಡುತ್ತೆ. ಇದರಲ್ಲೇ ಬರೀತೀನಿ, ನೋಡಿ.” ಎಲ್ಲರ ಕಣ್ಣೆದುರಿಗೆ ಬರೆದಳು. ಗಿಳಿ ಎರಡು ಬೆರಳು ಕೆಳಗೆ, ತನ್ನ ಜಾಗದಲ್ಲಿ, ಸಾಧುವಾಗಿ ಕೂತಿತು.

“ಭೇಷ್” ಎನ್ನಲು ಮಹಾರಾಜರು ಬಾಯಿ ತೆರೆದಿದ್ದರು. ಮಂತ್ರಿಗಳು ಅಡ್ಡ ಬಂದರು. “ಇದನ್ನು ಸುಖಾಸನದಲ್ಲಿ ತೆರೆದರೆ ಗಿಳಿ ಎಲ್ಲಿರುತ್ತದೆ?”

“ಅಲ್ಲಿ ಸರಿದರೂ ಸರೀಬಹುದು ಸ್ವಾಮಿ.”

“ಕೇಳಿದಿರಾ ಪ್ರಭು! ಆಸ್ಥಾನದಲ್ಲಿರುವುದೆಲ್ಲ ಸುಖಾಸನ. ಅಂದಮೇಲೆ ತಪ್ಪು ಊರಕೆರೆಯದ್ದೇ.”

ಆಕೆ ಸಹಾಯಕ್ಕಾಗಿ ಕೆರೆಯ ಮೂವರ ಕಡೆ ತಿರುಗಿದಳು. ಅವರಿಗೆ ಪುರಸೊತ್ತಿರಲಿಲ್ಲ. ಗಿಳಿಯನ್ನು ಸರಿಪಡಿಸುವ ಹಕ್ಕು ಯಾವ ಕೆರೆಯದೆಂದು ಜಗಳವಾಡಿ, ಅಲ್ಲೇ ಕಂಬದ ಮರೆಯಲ್ಲಿ ‘ಗಿಳಿಕೆರೆ’ ಎಂಬ ನಾಲ್ಕನೆಯದಕ್ಕೆ ಗುದ್ದಲಿಪೂಜೆ ಮಾಡುತ್ತಿದ್ದರು. ಆಕೆಗೆ ಮಂತ್ರಿಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಇವರ ಮೇಲೆ ಬಂತು. “ಥೂ, ನಿಮ್ಮ ಬುದ್ಧಿವಂತಿಕೆಗಿಷ್ಟು! ಮೂರು ಜನ ಒಂದು ಮಾತಾಡೋಕೆ ಆಗಲ್ವೇನ್ರಯ್ಯಾ?” ಎಂದಳು. ಆಚಾರಿ ಮಾತ್ರ ತಲೆ ಕೆರೆದುಕೊಂಡ.

ಆಗ ಮುಂದಿನ ಸಾಲಿನಿಂದ ಕನಕಶ್ರೇಷ್ಠಿ ನಿಧಾನವಾಗಿ ಎದ್ದ. ಅವನ ಕೈಯಲ್ಲಿ ಬೆಳ್ಳಿಯ ತಟ್ಟೆ, ತಟ್ಟೆಯಲ್ಲಿ ಒಂದು ಡಬ್ಬಿ.

“ಮಹಾಪ್ರಭು, ತಮ್ಮ ಸ್ವಾತಂತ್ರ್ಯಪ್ರೇಮಕ್ಕೆ ಮನಸೋತು ಇದನ್ನು ತಯಾರಿಸಿದ್ದೇನೆ. ಸುಖಾಸನ, ಸ್ವತಂತ್ರ ಆವೃತ್ತಿ. ಒಳಗೆ ಎಲ್ಲವೂ ಮೊದಲಿನಂತೆಯೇ. ಹೊರಗೆ ಗಿಳಿಯ ಚಿತ್ರವಿದೆ. ಕೆಟ್ಟರೆ ಬೈಯಲು ನಾನಿದ್ದೇನೆ. ಬೆಲೆ ಮಾತ್ರ ದುಪ್ಪಟ್ಟು, ಸ್ವಾತಂತ್ರ್ಯ ಅಗ್ಗವಾಗಬಾರದಲ್ಲ.”

ಸಭೆ ಚಪ್ಪಾಳೆಯಿಂದ ತುಂಬಿತು. ಶ್ರೇಷ್ಠಿಗೆ ‘ಮುಕ್ತ ತಂತ್ರಾಂಶ ಪಿತಾಮಹ’ ಎಂಬ ಬಿರುದು, ಮೈಸೂರು ಪೇಟ, ಗಂಧದ ಹಾರ. ಸುಖ ಕಂದಾಯವನ್ನು ರದ್ದು ಮಾಡಿ, ಅದರ ಎರಡರಷ್ಟು ‘ಸ್ವಾತಂತ್ರ್ಯ ಕಂದಾಯ’ವನ್ನು ವಿಧಿಸಲಾಯಿತು. ಚೆಲುವಾಜಮ್ಮನ ಯಂತ್ರವನ್ನು ಜಪ್ತಿ ಮಾಡಿದರು. ಉಳಿಸಿಕೊಳ್ಳಲು ಆಕೆ ವಿನಾಯಿತಿಗೆ ಅರ್ಜಿ ಹಾಕಬಹುದಿತ್ತು. ಅರ್ಜಿ ನಮೂನೆ ಸುಖಾಸನದಲ್ಲಿ ಮಾತ್ರ ತೆರೆಯುತ್ತಿತ್ತು.

ಹೊಸ ಆಜ್ಞೆ ಸ್ವತಂತ್ರ ಆವೃತ್ತಿಯಲ್ಲಿ ಸಿದ್ಧವಾಗಿ ಊರೂರಿಗೆ ಹೋಯಿತು. ಅಲ್ಲಿನ್ನೂ ಹಳೆಯ ಸುಖಾಸನಗಳಿದ್ದವು, ಹೊಸದು ಅವುಗಳಿಗೂ ಬಾಯಿ ಬಿಡುತ್ತಿರಲಿಲ್ಲ. ಅವುಗಳಲ್ಲಿ ತೆರೆದರೆ ಗಿಳಿ ಮತ್ತೆ ಮಹಾರಾಜರ ಮೂಗಿನ ಮೇಲೆಯೇ ಕೂತಿತ್ತು! ಈ ಸಲ ಯಾರೂ ರಾಜದ್ರೋಹವೆನ್ನಲಿಲ್ಲ. ಬಹುಪರಾಕಯ್ಯನವರು ಕೈಜೋಡಿಸಿ, “ಪ್ರಭು, ಇದು ದೋಷವಲ್ಲ, ಫೀಚರ್” ಎಂದರು. ಜ್ಯೋತಿಷಿಗಳು ಹಳೆಯ ತಾಳೆಗರಿ ಹುಡುಕಿ, ಗಿಳಿಯ ಶಾಸ್ತ್ರೋಕ್ತ ಸ್ಥಾನ ಮೂಗೇ ಎಂದು ಸಾಧಿಸಿದರು. ಅಂದಿನಿಂದ ಪ್ರಜೆಗಳು ಕೂಡ ಅರ್ಜಿಗೆ ಅಂಟಿಸುವ ಭಾವಚಿತ್ರದಲ್ಲಿ ಮೂಗಿನ ಮೇಲೆ ಗಿಳಿ ಮುದ್ರೆ ಹಾಕಿಸತಕ್ಕದ್ದೆಂದು ನಿಯಮವಾಯಿತು. ಮುದ್ರೆಗೆ ಪ್ರತ್ಯೇಕ ಶುಲ್ಕವಿತ್ತು.

ಕೋಟೆಬಾಗಿಲಿನ ಕಚೇರಿಗೆ ಹೊಸ ಯಂತ್ರ ಬಂತು. ಬಂದ ದಿನದಿಂದ ಅದರ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿದೆ. ಕೆಳಗೆ, ‘ನಿಮ್ಮ ಸ್ವಾತಂತ್ರ್ಯ ಸಿದ್ಧವಾಗುತ್ತಿದೆ, ಯಂತ್ರವನ್ನು ಆರಿಸಬೇಡಿ’ ಎಂದು ಬರೆದಿದೆ. ಸಾಲು ಮತ್ತೆ ಬೀದಿಯ ತಿರುವು ದಾಟಿದೆ. ಐದನೆಯ ದಿನ ಹೂವಿನ ದ್ಯಾವಮ್ಮ ಎಂಬ ಮುದುಕಿ, ಮೂಗಿನ ಮೇಲೆ ಗಿಳಿಯಿದ್ದ ತನ್ನ ಫೋಟೋ ಹಿಡಿದು ಕಿಟಕಿಯ ಹತ್ತಿರ ಬಂದಳು.

“ಅವ್ವಾ, ಆ ಹಳೇದೊಂದಿತ್ತಲ್ಲ, ಕೇಳಿದ ತಕ್ಷಣ ಚೀಟಿ ಕೊಡ್ತಿತ್ತಲ್ಲ, ಅದೇನಾಯ್ತು?”

“ಅದಕ್ಕೆ ಯಜಮಾನ ಇರಲಿಲ್ಲ ತಾಯಿ” ಎಂದಳು ಚೆಲುವಾಜಮ್ಮ.

ದ್ಯಾವಮ್ಮನಿಗೆ ಅರ್ಥವಾಗಲಿಲ್ಲ. ಅಕ್ಕಿಯ ಚೀಲವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮನೆಗೆ ಹೋಗಿ ಬರಲು ದೂರ, ಆದ್ದರಿಂದ ಅಲ್ಲೇ ಹೊಸ ಫ್ಲೆಕ್ಸಿನ ನೆರಳಿನಲ್ಲಿ ಕೂತಳು. ಮೇಲೆ ಮಹಾರಾಜರು ನಗುತ್ತಿದ್ದರು, ಮೂಗಿನ ಮೇಲೆ ಗಿಳಿ ಭದ್ರವಾಗಿ ಕೂತಿತ್ತು.