ಡ್ಯಾನ್‌ವಿಲ್ ಕ್ಲಬ್ಬಿನ ನೂರಕ್ಕೆ ನೂರು ಫಲಿತಾಂಶ

ಡ್ಯಾನ್‌ವಿಲ್ ಗಂಡಭೇರುಂಡ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ಬಿನ ಹದಿನಾಲ್ಕು ವರ್ಷದೊಳಗಿನವರ ತಂಡವು ಈ ವರ್ಷ ಒಂದೂ ಪಂದ್ಯ ಆಡದೆ ಬೇ ಏರಿಯಾದ ಅತ್ಯಂತ ಪ್ರತಿಭಾವಂತ ತಂಡವಾಗಿ ಹೊರಹೊಮ್ಮಿದೆ. ಇದು ಹೇಗಾಯಿತೆಂದು ಕೆಲವರು ಕೇಳಿದ್ದರಿಂದ, ಕ್ಲಬ್ಬಿನ ಕಾರ್ಯದರ್ಶಿಯಾದ ನಾನು ನಡೆದದ್ದನ್ನು ನಡೆದ ಕ್ರಮದಲ್ಲೇ ತಿಳಿಸುತ್ತಿದ್ದೇನೆ.

ಮೊದಲು ಆಟದ ಬಗ್ಗೆ. ಇದು ಮೊಟ್ಟೆಯಾಕಾರದ ಚೆಂಡಿನಿಂದ ಮೊಟ್ಟೆಯಾಕಾರದ ಮೈದಾನದಲ್ಲಿ ಆಡುವ ಆಟ. ಮೊಟ್ಟೆ ಎಂದದ್ದು ಆಕಾರ ತಿಳಿಯಲೆಂದು ಮಾತ್ರ. ಕ್ಲಬ್ಬಿನಲ್ಲಿ ಕೊಡುವ ತಿಂಡಿ ಸಂಪೂರ್ಣ ಸಸ್ಯಾಹಾರಿ. ಚೆಂಡನ್ನು ಒದೆಯಬಹುದು, ಹಿಡಿಯಬಹುದು, ಹಿಡಿದುಕೊಂಡು ಓಡಬಹುದು. ಎಸೆಯುವಂತಿಲ್ಲ, ಒಂದು ಕೈಯಲ್ಲಿ ಇಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಕಳಿಸಬೇಕು. ಆಸ್ಟ್ರೇಲಿಯಾದಲ್ಲಿ ಒಂದೊಂದು ಕಡೆ ಹದಿನೆಂಟು ಜನ ಆಡುತ್ತಾರೆ. ನಮ್ಮಲ್ಲಿ ಒಂಬತ್ತು, ಏಕೆಂದರೆ ಅಷ್ಟೇ ಮಕ್ಕಳಿರುವುದು. ಎತ್ತರದಲ್ಲಿ ಬರುವ ಚೆಂಡನ್ನು ಎಲ್ಲರಿಗಿಂತ ಮೇಲೆ ನೆಗೆದು ಹಿಡಿಯುವುದು ಈ ಆಟದ ಸೊಬಗು ಎನ್ನುತ್ತಾರೆ. ನಮ್ಮ ಒಂಬತ್ತು ಮಕ್ಕಳಲ್ಲಿ ಹಾಗೆ ಹಿಡಿಯಬಲ್ಲವಳು ಲುಬ್ನಾ ಒಬ್ಬಳೇ. ಉಳಿದ ಎಂಟು ಮಕ್ಕಳು ಚೆಂಡು ಬಂದರೆ ಪಕ್ಕಕ್ಕೆ ಸರಿಯುತ್ತಾರೆ. ಇದು ದೂರು ಅಲ್ಲ. ಚೆಂಡು ನಿಜಕ್ಕೂ ಗಟ್ಟಿಯಾಗಿರುತ್ತದೆ.

ಲುಬ್ನಾಳಿಗೆ ಹದಿಮೂರು ವರ್ಷ. ಅಪ್ಪ ಸಲೀಮ್ ಮೈಸೂರಿನವರು, ಎಂಜಿನಿಯರ್. ಅಮ್ಮ ಫಖರುನ್ನಿಸಾ ಬೆಂಗಳೂರಿನವರು, ಮಕ್ಕಳ ಡಾಕ್ಟರು. ಲುಬ್ನಾಳಿಗೆ ಬೇಕಾಗಿದ್ದದ್ದು ಒಂದೇ. ಸೀಸನ್ನಿನ ಮೊದಲ ಶನಿವಾರ ನಮಗೂ ಸ್ಯಾನ್ ಮಟಿಯೋ ಪೆಲಿಕನ್ಸ್ ತಂಡಕ್ಕೂ ಪಂದ್ಯವಿತ್ತು. ಪಶ್ಚಿಮ ಕರಾವಳಿಯ ಕಿರಿಯರ ತಂಡಕ್ಕೆ ಮಕ್ಕಳನ್ನು ಆರಿಸುವ ಐಶ್ವರ್ಯಾ ಎಂಬವರು ಅಂದು ಬಂದು ನೋಡುವವರಿದ್ದರು. ಅವರು ಬರುವುದು ವರ್ಷಕ್ಕೊಮ್ಮೆ. ಮುಂದಿನ ವರ್ಷ ಲುಬ್ನಾಳ ವಯಸ್ಸು ಮೀರುತ್ತದೆ. ಅಂದರೆ ಆ ಶನಿವಾರ ಮೈದಾನಕ್ಕೆ ಇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನು ನಿಯಮದ ಬಗ್ಗೆ. ಬಲವಾದ ಆಟಗಾರರೆಲ್ಲ ಒಂದೇ ಕ್ಲಬ್ಬಿಗೆ ಸೇರಿಕೊಳ್ಳಬಾರದೆಂದು ಲೀಗು ಪ್ರತಿ ಮಗುವಿಗೂ ಪಾಯಿಂಟು ನಿಗದಿ ಮಾಡಿಸುತ್ತದೆ. ಅದೇ ಕ್ಲಬ್ಬಿನಲ್ಲಿ ಆಟ ಕಲಿತ ಮಗುವಿಗೆ ಒಂದು. ಬೇರೆ ಕ್ಲಬ್ಬಿನಿಂದ ಬಂದ ಮಗುವಿಗೆ ಮೂರು. ಕರಾವಳಿ ತಂಡಕ್ಕೆ ಆಯ್ಕೆಯಾದ ಮಗುವಿಗೆ ಐದು. ಮೈದಾನಕ್ಕೆ ಇಳಿಯುವ ಮಕ್ಕಳ ಒಟ್ಟು ಪಾಯಿಂಟು ಇಪ್ಪತ್ತು ಮೀರುವಂತಿಲ್ಲ. ಮಕ್ಕಳ ಸಂಖ್ಯೆ ಆರಕ್ಕಿಂತ ಕಡಿಮೆಯಿರುವಂತಿಲ್ಲ. ಆದ್ದರಿಂದ ಪಾಯಿಂಟು ಕಡಿಮೆಯಿದ್ದಷ್ಟೂ ಕ್ಲಬ್ಬಿಗೆ ಅನುಕೂಲ. ವಿಶೇಷ ಪ್ರತಿಭೆ ಕಂಡರೆ ಕ್ಲಬ್ಬೇ ಪಾಯಿಂಟು ಹೆಚ್ಚಿಸಬಹುದು ಎಂದೂ ನಿಯಮದ ಕೊನೆಯಲ್ಲಿದೆ. ಇದಕ್ಕೆ ಲೀಗು ಯಾವ ತನಿಖೆಯನ್ನೂ ಇಟ್ಟಿಲ್ಲ. ತನ್ನ ಮಕ್ಕಳ ಪಾಯಿಂಟನ್ನು ತಾನೇ ಹೆಚ್ಚಿಸಿಕೊಳ್ಳುವ ಕ್ಲಬ್ಬು ಭೂಮಿಯ ಮೇಲೆ ಇರಲಾರದೆಂಬುದು ಲೀಗಿನ ನಂಬಿಕೆಯಾಗಿತ್ತು.

ನಮ್ಮ ಅಧ್ಯಕ್ಷರಾದ ತಿರುಮಲೇಶರು ಒಂದು ಭಾನುವಾರ ಬೆಳಿಗ್ಗೆ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಎಂಟು ಮಕ್ಕಳಿಗೆ ಒಂದೊಂದು ಪಾಯಿಂಟು. ಸಿಯಾಟಲ್ಲಿನ ಕ್ಲಬ್ಬಿನಿಂದ ಬಂದಿದ್ದ ಅನುರಾಗನಿಗೆ ಮಾತ್ರ ಮೂರು. ಒಟ್ಟು ಹನ್ನೊಂದು. ಅಧ್ಯಕ್ಷರು ಸಂತೋಷದಿಂದ ಕೆಳಗೆ ಒಂದು ಹೂವಿನ ಚಿತ್ರವನ್ನೂ ಹಾಕಿದ್ದರು.

ಹತ್ತು ನಿಮಿಷದಲ್ಲಿ ಅಭಿರಾಮನ ತಾಯಿ ಸತ್ಯವತಿಯವರು ಫೋನು ಮಾಡಿದರು. ಅನುರಾಗನಿಗೆ ಮೂರು, ಅಭಿರಾಮನಿಗೆ ಒಂದು, ಇದು ಯಾವ ಆಧಾರದ ಮೇಲೆ ಎಂದು ಕೇಳಿದರು. ಅಧ್ಯಕ್ಷರು ಇಪ್ಪತ್ತರ ಮಿತಿಯನ್ನು ಎರಡು ಸಲ ವಿವರಿಸಿದರು. ಸತ್ಯವತಿಯವರು ಲಾಸ್ ಗ್ಯಾಟೋಸಿನ ಒಂದು ಕಂಪನಿಯಲ್ಲಿ ಡೇಟಾ ವಿಭಾಗದ ಮುಖ್ಯಸ್ಥೆ. ಅವರಿಗೆ ಲೆಕ್ಕ ಅರ್ಥವಾಗಲಿಲ್ಲ ಎಂದು ಯಾರೂ ಭಾವಿಸಬಾರದು.

"ಅರ್ಥ ಆಯ್ತು ಸರ್. ಕಡಿಮೆ ಇದ್ರೆ ಟೀಮಿಗೆ ಒಳ್ಳೇದು," ಎಂದರು ಅವರು. "ನಮ್ಮ ಅಭಿಗೆ ಒಳ್ಳೇದು ಯಾವ್ದು, ಅದನ್ನ ಹೇಳಿ."

ಸಂಜೆಯೊಳಗೆ ಇನ್ನೂ ಆರು ಮನೆಗಳಿಂದ ಫೋನು ಬಂತು. ಅನುರಾಗನ ಅಪ್ಪ ಶಿವಪ್ರಕಾಶರದು ಏಳನೆಯದು: ಮೂರು ಎಷ್ಟಕ್ಕೆ ಮೂರು ಎಂಬುದು ಅವರ ಪ್ರಶ್ನೆ. ಗುಂಪಿನಲ್ಲಿ ನಕ್ಕವರು ಫಖರುನ್ನಿಸಾ ಒಬ್ಬರೇ. ಆಡುವುದಕ್ಕೆ ಕಾಲು ಬೇಕು, ಪಾಯಿಂಟು ಯಾಕೆ ಎಂದು ಬರೆದು, ನಗುವ ಮುಖ ಹಾಕಿದ್ದರು.

ಹೀಗಾಗಿ ಮರುಮೌಲ್ಯಮಾಪನ ಸಮಿತಿ ರಚನೆಯಾಯಿತು. ಅಧ್ಯಕ್ಷತೆಗೆ ಸಿದ್ರಾಮಪ್ಪನವರನ್ನು ಕೇಳಿಕೊಂಡೆವು. ಅವರು ಧಾರವಾಡದ ಕಡೆಯ ಪಿಯು ಕಾಲೇಜೊಂದರ ನಿವೃತ್ತ ಪ್ರಾಂಶುಪಾಲರು. ಆರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದರು. ಉತ್ತರ ಪತ್ರಿಕೆಗಳ ಮೌಲ್ಯಮಾಪನದಲ್ಲಿ ಇಪ್ಪತ್ತೆರಡು ವರ್ಷಗಳ ಅನುಭವ. ಈ ಆಟವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಆದ್ದರಿಂದ ನಿಷ್ಪಕ್ಷಪಾತಿಗಳೆಂದು ಸರ್ವಾನುಮತದಿಂದ ಆಯ್ಕೆಯಾದರು.

ಸಮಿತಿ ಮೂರು ನಿಯಮ ಮಾಡಿತು. ಗರಿಷ್ಠ ಹತ್ತು ಪಾಯಿಂಟು. ಏಳು ಮತ್ತು ಅದಕ್ಕಿಂತ ಮೇಲಿದ್ದರೆ ಡಿಸ್ಟಿಂಕ್ಷನ್. ಒಮ್ಮೆ ಕೊಟ್ಟ ಪಾಯಿಂಟನ್ನು ಹಿಂಪಡೆಯುವಂತಿಲ್ಲ, ಏಕೆಂದರೆ ಅದು ಮಗುವಿನ ಮನಸ್ಸಿನ ಮೇಲೆ ಪರಿಣಾಮ ಬೀರುತ್ತದೆ.

ಸಿದ್ರಾಮಪ್ಪನವರ ಮಗ ಶ್ರೀನಿವಾಸನ ಗ್ಯಾರೇಜಿನಲ್ಲಿ ಎರಡು ಶನಿವಾರ ಅರ್ಜಿಗಳ ವಿಚಾರಣೆ ನಡೆಯಿತು. ಆ ಎರಡು ಶನಿವಾರ ಅಭ್ಯಾಸ ಇರಲಿಲ್ಲ. ಅಭಿರಾಮ ರೋಬಾಟಿಕ್ಸಿನ ಪದಕ ತಂದಿದ್ದ. ಸುಘೋಷ ಮೃದಂಗ ಕಲಿಯುತ್ತಾನೆ. ಓಡುತ್ತಾ ಚೆಂಡನ್ನು ನೆಲಕ್ಕೆ ಪುಟಿಸುವುದಕ್ಕೆ ತಾಳಜ್ಞಾನ ಮುಖ್ಯವೆಂದು ಅವನಿಗೆ ಎಂಟು ಕೊಡಲಾಯಿತು. ಹರಿಪ್ರಿಯಾ ಭರತನಾಟ್ಯದ ಅರೆಮಂಡಿಯಲ್ಲಿ ನಾಲ್ಕು ನಿಮಿಷ ನಿಂತಳು. ನೆಲದ ಚೆಂಡು ಎತ್ತುವವರು ಹೀಗೇ ಬಗ್ಗಬೇಕೆಂದು ಅವಳ ತಂದೆ ವಾದಿಸಿದರು, ಅವಳಿಗೂ ಎಂಟು. ಅಭಿರಾಮನಿಗೂ ಅನುರಾಗನಿಗೂ ಒಂಬತ್ತು. ಅರ್ಜಿ ಹಾಕಿದವರಲ್ಲಿ ಏಳಕ್ಕಿಂತ ಕೆಳಗೆ ಯಾರೂ ಉಳಿಯಲಿಲ್ಲ. ಹತ್ತು ಯಾರಿಗೂ ಇಲ್ಲ. ಹತ್ತು ಕೊಟ್ಟರೆ ಮಕ್ಕಳಿಗೆ ಮುಂದೆ ಗುರಿ ಇರುವುದಿಲ್ಲ ಎಂದರು ಸಿದ್ರಾಮಪ್ಪನವರು.

ಲುಬ್ನಾಳ ಮನೆಯವರು ಅರ್ಜಿ ಹಾಕಲಿಲ್ಲ. ಅವಳಿಗೆ ಮೊದಲಿನ ಒಂದು ಪಾಯಿಂಟೇ ಉಳಿಯಿತು.

ಪಟ್ಟಿಯನ್ನು ಮೊದಲು ಕೂಡಿ ನೋಡಿದವಳೂ ಲುಬ್ನಾಳೇ. ಎಂಟು ಮಕ್ಕಳಿಗೆ ಅರವತ್ತನಾಲ್ಕು, ಅವಳದು ಒಂದು. ಇಪ್ಪತ್ತು ಮೀರದಂತೆ ಇಳಿಸಬಹುದಾದದ್ದು ಮೂರು ಮಕ್ಕಳನ್ನು ಮಾತ್ರ. ಬೇಕಾದದ್ದು ಕನಿಷ್ಠ ಆರು. ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು. ಅವಳು ಸೈಕಲ್ಲು ಹತ್ತಿ ಮನೆಮನೆಗೂ ಹೋಗಿ, ಒಂದೇ ಒಂದು ಶನಿವಾರದ ಮಟ್ಟಿಗೆ ಪಾಯಿಂಟು ಕಡಿಮೆ ಮಾಡಿಸಿಕೊಳ್ಳಿ ಎಂದು ಕೇಳಿದಳು. ಎಲ್ಲ ಮನೆಯಲ್ಲೂ ಅವಳಿಗೆ ಜ್ಯೂಸು ಕೊಟ್ಟರು. ಸತ್ಯವತಿಯವರು ಕೋಡುಬಳೆಯನ್ನೂ ಕೊಟ್ಟು, ಹಿಂಪಡೆಯುವಂತಿಲ್ಲ ಎಂಬ ನಿಯಮವನ್ನು ಫೋನಿನಲ್ಲಿ ತೋರಿಸಿದರು.

ಕೊನೆಗೆ ಅವಳು ಅಪ್ಪನೊಂದಿಗೆ ಸಮಿತಿಯ ಮುಂದೆ ಬಂದಳು. ಪೆಲಿಕನ್ಸ್ ತಂಡದಲ್ಲಿ ಎಂಟೇ ಮಕ್ಕಳಿದ್ದಾರೆ, ಅವರ ಒಟ್ಟು ಹದಿನೈದು, ಅಲ್ಲಿ ತನಗೆ ಜಾಗವಿದೆ, ಹೋಗಲು ಬಿಡಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕ್ಲಬ್ಬು ಬಿಡುವ ಮಗುವಿಗೆ ಹಳೆಯ ಕ್ಲಬ್ಬಿನ ನಿರಾಕ್ಷೇಪಣಾ ಪತ್ರ ಬೇಕು. ತಿರುಮಲೇಶರಿಗೆ ಕೊಡಲು ಮನಸ್ಸಿರಲಿಲ್ಲ. ಇರುವವಳು ಒಬ್ಬಳೇ ಆಟಗಾರ್ತಿ ಎಂದು ನನ್ನ ಕಿವಿಯಲ್ಲಿ ಹೇಳಿದರು. ಸಿದ್ರಾಮಪ್ಪನವರು ಕಾಗದದ ಮೇಲೆ ಏನೋ ಲೆಕ್ಕ ಹಾಕಿ, ಕನ್ನಡಕ ತೆಗೆದರು.

"ಹುಡುಗಿ ಚೊಲೋ ಆಡ್ತಾಳ ಅಂತ ಎಲ್ಲಾರೂ ಹೇಳ್ತಾರ, ನಾ ಇಲ್ಲ ಅನ್ನಂಗಿಲ್ಲ," ಎಂದರು. "ಆದ್ರ ಈಕಿ ಇದ್ರ ನಮ್ಮ ರಿಸಲ್ಟು ಎಂಬತ್ತೆಂಟು ಪರ್ಸೆಂಟು. ಈಕಿ ಹೋದ್ರ ನೂರಕ್ಕ ನೂರು ಡಿಸ್ಟಿಂಕ್ಷನ್. ಕಾಲೇಜಿನ್ಯಾಗ ಫೆಬ್ರವರಿ ಬಂತಂದ್ರ ನಾವು ಇದನ್ನ ಮಾಡೂದು. ಟಿಸಿ ಕೊಟ್ಟುಬಿಡ್ರಿ."

ಗ್ಯಾರೇಜಿನಲ್ಲಿದ್ದ ಪೋಷಕರೆಲ್ಲ ತಲೆಯಾಡಿಸಿದರು. ವರ್ಗಾವಣೆ ಪತ್ರ ಅಲ್ಲೇ ತಯಾರಾಯಿತು. ನಡತೆ: ತೃಪ್ತಿಕರ. ಕ್ಲಬ್ಬು ಬಿಡಲು ಕಾರಣ: ಆಡುವ ಆಸೆ.

ಪಂದ್ಯದ ದಿನ ಸಲೀಮ್ ಮಗಳನ್ನು ಬ್ರಿಡ್ಜು ದಾಟಿಸಿ ಸ್ಯಾನ್ ಮಟಿಯೋಗೆ ಕರೆದುಕೊಂಡು ಹೋದರು. ನಮ್ಮ ಎಂಟೂ ಮಕ್ಕಳು ಇಸ್ತ್ರಿ ಮಾಡಿದ ಜೆರ್ಸಿಯಲ್ಲಿ ಬಂದಿದ್ದರು. ಆಡುವುದಕ್ಕಲ್ಲ, ಪಂದ್ಯ ಬಿಟ್ಟುಕೊಟ್ಟಿರುವುದಾಗಿ ತಂಡ ಸಮೇತ ಬಂದು ಸಹಿ ಹಾಕಬೇಕೆಂಬ ನಿಯಮವಿದೆ. ನಾನು ಮೂರು ಪ್ರತಿಗಳಲ್ಲಿ ಸಹಿ ಹಾಕಿದೆ. ಪೆಲಿಕನ್ಸ್ ಗೆದ್ದರು. ಎದುರಾಳಿಗಳಿಲ್ಲದ್ದರಿಂದ ಗೆದ್ದ ತಂಡವೂ ಆಡುವಂತಿರಲಿಲ್ಲ. ಲುಬ್ನಾ ಮೈದಾನದ ಮಧ್ಯೆ ಚೆಂಡು ಹಿಡಿದು ನಿಂತಿದ್ದಳು.

ಐಶ್ವರ್ಯಾ ಮೆಲ್ಬರ್ನಿನಲ್ಲಿ ಬೆಳೆದವರು; ಇಂಥದ್ದನ್ನು ನೋಡಿ ಅಭ್ಯಾಸವಿರಲಿಲ್ಲ. ಬಂದದ್ದಕ್ಕೆ ನಾಲ್ಕು ನಾಲ್ಕು ಮಕ್ಕಳಾಗಿ ಸುಮ್ಮನೆ ಆಡಿ, ನೋಡುತ್ತೇನೆ ಎಂದರು. ಪೆಲಿಕನ್ಸ್ ಒಂಬತ್ತು ಜನರಲ್ಲಿ ಒಬ್ಬ ಉಳಿದುಬಿಟ್ಟಿದ್ದರಿಂದ, ನಿಮ್ಮಲ್ಲಿ ಒಬ್ಬರು ಜೊತೆಗೆ ಬನ್ನಿ ಎಂದು ನಮ್ಮ ಮಕ್ಕಳನ್ನೂ ಕರೆದರು. ಅಭಿರಾಮ ಎದ್ದು ಶೂ ಲೇಸು ಕಟ್ಟಿಕೊಳ್ಳತೊಡಗಿದ. ಸತ್ಯವತಿಯವರು ಅವನ ಭುಜ ಹಿಡಿದು ಕೂರಿಸಿದರು.

"ಕೂತ್ಕೋ ಕಣೋ. ನೀನು ನೈನ್ ಪಾಯಿಂಟು. ಲೆಕ್ಕಕ್ಕಿಲ್ಲದ ಆಟದಲ್ಲಿ ಚೆಂಡು ಬಿಟ್ರೆ ನೋಡ್ದವ್ರು ಏನಂತಾರೆ?"

ಅವನು ಲೇಸು ಬಿಚ್ಚಿದ. ಅದು ಬುದ್ಧಿವಂತಿಕೆಯೇ ಆಗಿತ್ತು. ಲುಬ್ನಾ ಅರ್ಧ ಗಂಟೆಯಲ್ಲಿ ಏಳು ಸಲ ನೆಗೆದಳು, ಏಳು ಸಲವೂ ಹಿಡಿದಳು. ಒಂದು ಸಲ ಪೆಲಿಕನ್ಸ್ ಹುಡುಗನ ಬೆನ್ನಿನ ಮೇಲೆ ಮೊಣಕಾಲೂರಿ ಹಿಡಿದಳು. ಈ ಆಟದಲ್ಲಿ ಅದು ತಪ್ಪಲ್ಲ, ಆ ಹುಡುಗನೇ ಚಪ್ಪಾಳೆ ತಟ್ಟಿದ. ಐಶ್ವರ್ಯಾ ಪುಸ್ತಕದಲ್ಲಿ ಒಂದೇ ಹೆಸರು ಬರೆದುಕೊಂಡರು.

ಲುಬ್ನಾ ಕರಾವಳಿ ತಂಡಕ್ಕೆ ಆಯ್ಕೆಯಾದ ಸುದ್ದಿ ಡ್ಯಾನ್‌ವಿಲ್‌ಗೆ ಸೋಮವಾರ ತಲುಪಿತು. ನಿಯಮದ ಪ್ರಕಾರ ಅವಳಿಗೆ ಈಗ ಐದು ಪಾಯಿಂಟು. ಗುಂಪಿನಲ್ಲಿ ಸತ್ಯವತಿಯವರು, ಪಾಪ, ಕರಾವಳಿ ತಂಡಕ್ಕೆ ಹೋದರೂ ಐದೇ ಅಂತೆ ಎಂದು ಬರೆದರು. ಎಲ್ಲರೂ ಸಮಾಧಾನದಿಂದ ಅಭಿನಂದನೆ ತಿಳಿಸಿದರು. ಅದೇ ವಾರ ಕ್ಲಬ್ಬು ಎಂಟು ಮಕ್ಕಳ ಭಾವಚಿತ್ರ, ಕೆಳಗೆ ಪಾಯಿಂಟು, ಮೇಲೆ ನೂರಕ್ಕೆ ನೂರು ಎಂದಿರುವ ಬ್ಯಾನರು ಮಾಡಿಸಿತು. ಉಳಿದ ಪಂದ್ಯಗಳನ್ನೂ ಕ್ರಮಬದ್ಧವಾಗಿ ಬಿಟ್ಟುಕೊಟ್ಟೆವು.

ಬ್ಯಾನರಿನ ಫೋಟೋ ಬೇರೆ ಕ್ಲಬ್ಬುಗಳ ಪೋಷಕರಿಗೂ ತಲುಪಿತು. ತಮ್ಮ ಮಕ್ಕಳಿಗೆ ಅನ್ಯಾಯವಾಗುತ್ತಿದೆಯೆಂದು ಅವರು ಲೀಗಿಗೆ ಬರೆದರು. ಲೀಗು ಮರುಮೌಲ್ಯಮಾಪನವನ್ನು ಎಲ್ಲ ಕ್ಲಬ್ಬುಗಳಿಗೂ ವಿಸ್ತರಿಸಿತು. ಸಿದ್ರಾಮಪ್ಪನವರು ಧಾರವಾಡಕ್ಕೆ ಮರಳಿದ ಮೇಲೂ ವಿಡಿಯೋ ಮೂಲಕ ಮುಂದುವರಿಯಲು ಒಪ್ಪಿದ್ದಾರೆ. ಅರ್ಜಿ ಫಾರಂಗಳು ನನ್ನ ಬಳಿ ಸಿಗುತ್ತವೆ.

ಕಳೆದ ಭಾನುವಾರ ಮಧ್ಯಾಹ್ನ ಫಖರುನ್ನಿಸಾ ನಮ್ಮ ಮನೆಗೆ ಬಂದರು. ಲುಬ್ನಾ ಕಾರಿನಲ್ಲೇ ಕುಳಿತಿದ್ದಳು, ಕಿಟಕಿ ಇಳಿಸಿತ್ತು. ಫಖರುನ್ನಿಸಾ ಮೊದಲು ಹವಾಮಾನದ ಬಗ್ಗೆ ಮಾತಾಡಿದರು. ಆಮೇಲೆ ಆ ಫಾರಂ ಒಂದು ಸಿಗುತ್ತದೆಯೇ ಎಂದು ಕೇಳಿದರು.

ನಾನು ನನ್ನ ಕರ್ತವ್ಯವೆಂದು ತಿಳಿಸಿದೆ: ಲುಬ್ನಾಳ ಐದು ಸೇರಿ ಪೆಲಿಕನ್ಸ್ ಒಟ್ಟು ಸರಿಯಾಗಿ ಇಪ್ಪತ್ತಾಗಿದೆ. ಒಂದು ಹೆಚ್ಚಿದರೂ ಯಾರಾದರೂ ಹೊರಗೆ ಕೂರಬೇಕು. ಹೊಸ ನಿಯಮದಂತೆ, ಹೆಚ್ಚಿಸಿಕೊಂಡವರೇ ಕೂರಬೇಕು.

"ಗೊತ್ತು ಭಾಯಿ," ಎಂದರು ಅವರು ತಗ್ಗಿದ ದನಿಯಲ್ಲಿ. "ಕ್ಲಿನಿಕ್ಕಿಗೆ ಬರೋ ಪ್ರತಿಯೊಬ್ರೂ ಕೇಳ್ತಾರೆ, ಸೆಲೆಕ್ಷನ್ ಆದ್ಮೇಲೂ ಐದೇನಾ ಅಂತ. ಆರು ಆದ್ರೆ ಸಾಕು. ಏಳಾದ್ರೆ ಡಿಸ್ಟಿಂಕ್ಷನ್ ಅಂತೆ."

ಕಾರಿನ ಬಾಗಿಲು ತೆರೆಯಿತು. ಲುಬ್ನಾ ಬಂದು ಅಮ್ಮನ ಪಕ್ಕ ನಿಂತು ಫಾರಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಅಭಿರಾಮನಿಗೆ ಈಗಲೂ ಒಂಬತ್ತೇ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇದೆ ಎಂದೆ. ಅವನಿಗೆ ಚೆಂಡು ಹಿಡಿಯಲು ಬರುತ್ತದೆಯೇ ಎಂದು ಕೇಳಿದಳು. ಅದು ಫಾರಮ್ಮಿನಲ್ಲಿ ಇಲ್ಲ ಎಂದೆ.

ಅವಳು ಫಾರಮ್ಮನ್ನು ನನ್ನ ಕಡೆಗೆ ಚಾಚಿದಳು. ಆಮೇಲೆ, ಆ ಹುಡುಗಿಯ ಬಾಯಿಂದ ನಾನು ಕನ್ನಡ ಕೇಳಿದ್ದು ಅದೇ ಮೊದಲು, "ಹಾಗಾದ್ರೆ ಹತ್ತು ಬರೀರಿ, ಅಂಕಲ್," ಎಂದಳು.

ಹತ್ತು ಎಂದೇ ಬರೆದುಕೊಂಡಿದ್ದೇನೆ. ಅರ್ಜಿ ಕ್ರಮಬದ್ಧವಾಗಿದೆ.